ಏಳು ಮನೆ, ಒಂದು ತಡೆಗೋಡೆ: ಬಾದಾಮಿ ಸೀಮೆಯ ಗುಡ್ಡದ ವಸತಿಯೊಂದರ ಪ್ರಕರಣ ಅಧ್ಯಯನ

ಬಾದಾಮಿಯಿಂದ ಗುಳೇದಗುಡ್ಡದ ಕಡೆಗೆ ಹಬ್ಬಿರುವ ಕೆಂಪು ಮರಳುಗಲ್ಲಿನ ಗುಡ್ಡಸಾಲಿನ ಒಂದು ಇಳಿಜಾರಿನಲ್ಲಿ ಏಳು ಮನೆಗಳಿವೆ. ಇವುಗಳಲ್ಲಿ ಒಂದನ್ನೂ ಗುತ್ತಿಗೆದಾರರಿಗೆ ಒಪ್ಪಿಸಿ ಕಟ್ಟಿಸಿದ್ದಲ್ಲ. ಅಲ್ಲಿ ವಾಸಿಸುವವರೇ ಗೌಂಡಿಗಳ ಜೊತೆಗೆ ನಿಂತು, ಕಲ್ಲು ಹೊತ್ತು, ಮಣ್ಣು ತುಳಿದು, ಹಣವಿದ್ದಾಗ ಒಂದಿಷ್ಟು ಇಲ್ಲದಾಗ ಒಂದಿಷ್ಟು ಎಂಬಂತೆ ಎಬ್ಬಿಸಿಕೊಂಡ ಮನೆಗಳಿವು. ಒಬ್ಬ ಚಿತ್ರಕಾರ, ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿ ದಣಿದ ಒಬ್ಬ ವಾದಕ ಮತ್ತು ಅವರ ಸಂಸಾರ, ಬಾದಾಮಿಯ ಬಂಡೆ ಹತ್ತಲು ಬಂದು ಇಲ್ಲಿಯೇ ಉಳಿದುಬಿಟ್ಟ ಇಬ್ಬರು ಗೆಳೆಯರು, ಗುಳೇದಗುಡ್ಡದ ಖಣ ನೇಯುವ ದಂಪತಿ, ನೌಕರಿ ಬಿಟ್ಟು ಬಂದ ಒಬ್ಬ ಶಿಕ್ಷಕಿ, ಮಡಕೆ ಮಾಡುವ ಒಂದು ಜೋಡಿ, ಮತ್ತು ಧಾರವಾಡದಿಂದ ಆಗಾಗ ಬಂದುಹೋಗುವ ಒಬ್ಬರು: ಇವರು ಏಳು ಮನೆಗಳ ಒಡೆಯರು. ಸುತ್ತಲಿನ ಹಳ್ಳಿಯವರು ಇವರನ್ನು ‘ಗುಡ್ಡದ ಮಂದಿ’ ಎಂದು ಕರೆಯುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ಅಕ್ಕರೆಯಿದೆ, ಸ್ವಲ್ಪ ಗೇಲಿಯೂ ಇದೆ.

ಹಸ್ತ ಮಳೆಯ ಒಂದು ರಾತ್ರಿ ಈ ವಸತಿಯ ತಡೆಗೋಡೆಯೊಂದು ಉರುಳಿ, ನೇಕಾರ ದಂಪತಿಯ ಮಗ್ಗದ ಕೋಣೆಯ ಮೇಲೆ ಬಿದ್ದಿತು. ಕೋಣೆಯಲ್ಲಿ ಯಾರೂ ಮಲಗಿರಲಿಲ್ಲವಾದ್ದರಿಂದ ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಕುಣಿಮಗ್ಗದ ಕುಣಿಯ ತುಂಬ ಕೆಸರು ತುಂಬಿ, ಮಗ್ಗಕ್ಕೆ ಏರಿಸಿದ್ದ ಹಾಸು, ಅಂದರೆ ಉದ್ದನೆಯ ನೂಲು, ಪೂರ್ತಿ ಹಾಳಾಯಿತು. ಬಾಗಲಕೋಟೆಯಲ್ಲಿ ಕಟ್ಟಡಗಳ ಪರಿಶೀಲನೆಯ ಕೆಲಸ ಮಾಡುವ ನನ್ನನ್ನು, ಗೋಡೆ ಏಕೆ ಬಿತ್ತು ಎಂದು ನೋಡಿ ಹೇಳಲು ಅವರು ಕರೆಸಿದರು. ಆ ಪ್ರಶ್ನೆಗೆ ಉತ್ತರ ಅರ್ಧ ದಿನದಲ್ಲಿ ಸಿಕ್ಕಿತು. ಅದರ ಹಿಂದೆಯೇ ಬಂದ ಇನ್ನೊಂದು ಪ್ರಶ್ನೆ, ಅಂದರೆ ಆ ಗೋಡೆ ಯಾರದು ಎಂಬುದು, ತಿಂಗಳುಗಟ್ಟಲೆ ಎಳೆಯಿತು. ಅವರ ಒಪ್ಪಿಗೆಯ ಮೇರೆಗೆ, ಊರಿನ ಮತ್ತು ಜನರ ಹೆಸರುಗಳನ್ನು ಬಿಟ್ಟು ಇದನ್ನು ಬರೆದಿದ್ದೇನೆ.

ಮೊದಲು ನೆಲದ ವಿಷಯ. ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯು 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ರೈತರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿಕೊಟ್ಟ ಮೇಲೆ, ಈ ಗುಂಪಿನವರು ಕಲ್ಲುಬಂಡೆಯೇ ಹೆಚ್ಚಾಗಿದ್ದ ಮೂರೂವರೆ ಎಕರೆ ಮಸಾರಿ ನೆಲವನ್ನು ಒಟ್ಟಾಗಿ ಕೊಂಡರು. ಬಾದಾಮಿ ಊರಿಗೆ ಹತ್ತಿರದಲ್ಲಿ ಜಾಗ ನೋಡದಿರಲು ಕಾರಣವಿತ್ತು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಸ್ಮಾರಕಗಳ ನಡುವೆಯೇ ಬದುಕುವ ಬಾದಾಮಿಯ ಹಳೆಯ ಓಣಿಗಳ ಜನರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಗುಡ್ಡದ ಮಂದಿ ಆ ಗೋಜೇ ಬೇಡವೆಂದು ದೂರ ಬಂದರು. ಖರೀದಿ ಪತ್ರ ಮೂವರ ಹೆಸರಿನಲ್ಲಿ ಆಯಿತು, ಉತಾರದಲ್ಲಿಯೂ (ಪಹಣಿಯಲ್ಲಿಯೂ) ಅದೇ ಮೂವರ ಹೆಸರು ಬಂತು. ಉಳಿದ ನಾಲ್ಕು ಮನೆಯವರು ಹಣ ಕೊಟ್ಟದ್ದಕ್ಕೆ ಛಾಪಾ ಕಾಗದದ ಮೇಲೆ ಬರೆದ ಒಂದು ಕರಾರು ಇದೆ. ಪೋಡಿ, ಅಂದರೆ ಅಳೆದು ಪಾಲು ಬೇರ್ಪಡಿಸುವ ಕೆಲಸ, ಆಗಿಲ್ಲ. ನೆಲವನ್ನು ತುಂಡು ಮಾಡಬಾರದು, ಬೇಲಿ ಹಾಕಬಾರದು ಎಂಬುದು ಅವರ ಸಂಕಲ್ಪವಾಗಿದ್ದರಿಂದ ಪೋಡಿಯ ಮಾತೇ ಅವರಿಗೆ ಒಗ್ಗುತ್ತಿರಲಿಲ್ಲ. ಕರಾರಿನಲ್ಲಿ ಮನೆಗಳ ಬಗ್ಗೆ ಒಂದೇ ಸಾಲಿದೆ: ಅವರವರ ಮನೆಗೆ ಅವರವರೇ ಹೊಣೆ.

ಮನೆ ಕಟ್ಟುವುದರಲ್ಲಿ ಅವರು ತೋರಿದ ಶ್ರದ್ಧೆಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಏಳರಲ್ಲಿ ನಾಲ್ಕು ಮನೆಗಳು ಈ ಸೀಮೆಯ ಹಳೆಯ ಮಾಳಿಗೆ ಮನೆಯ ಕ್ರಮದಲ್ಲಿಯೇ ಇವೆ: ಕಲ್ಲಿನ ದಪ್ಪ ಗೋಡೆ, ತೊಲೆ, ಜಂತಿ, ಅದರ ಮೇಲೆ ಮೇಲ್ಮುದ್ದೆ, ನಡುಮನೆಗೆ ಬೆಳಕಿಂಡಿ. ಮೇಲ್ಮುದ್ದೆಗೆ ಸವಳು ಮಣ್ಣನ್ನೇ ಏಕೆ ಹಾಕುತ್ತಾರೆ ಎಂಬುದನ್ನು ಅವರು ಹಳ್ಳಿಯ ಹಿರಿಯರನ್ನು ಕೇಳಿ, ಮಾಡಿ ನೋಡಿ ಕಲಿತಿದ್ದರು. ಆ ಮಣ್ಣಿನಲ್ಲಿರುವ ಸೋಡಿಯಂ ಅಂಶದಿಂದಾಗಿ, ನೀರು ತಾಗಿದೊಡನೆ ಜಿಗಟಿನ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಹೊಲಕ್ಕೆ ಶಾಪವಾದ ಗುಣ ಮಾಳಿಗೆಗೆ ವರವಾಗುತ್ತದೆ. ಪ್ರತಿ ವರ್ಷ ಮಿರ್ಗದ ಮಳೆಗೆ ಮುಂಚೆ ಏಳು ಮನೆಯವರೂ ಸೇರಿ ಒಂದೊಂದೇ ಮಾಳಿಗೆಯ ಮೇಲೆ ಹೊಸ ಮಣ್ಣು ಹರಡಿ, ಬಡಿದು, ಇಳಿಜಾರು ಸರಿಪಡಿಸುತ್ತಾರೆ. ಈ ಮುಯ್ಯಾಳಿನ ಪದ್ಧತಿಯನ್ನು ಹಳ್ಳಿಗಳೇ ಮರೆಯುತ್ತಿರುವಾಗ ಇವರು ಉಳಿಸಿಕೊಂಡಿದ್ದಾರೆ.

ಹಳ್ಳಿಯವರು ಏಕೆ ಮರೆತರು ಎಂಬುದಕ್ಕೂ ಕಾರಣವಿದೆ, ಮತ್ತು ಅದನ್ನು ಹೇಳದೆ ಮಣ್ಣಿನ ಮನೆಯನ್ನು ಹೊಗಳುವುದು ಸರಿಯಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಮನೆ ಕಳೆದುಕೊಂಡವರಿಗಾಗಿ ‘ಆಸರೆ’ ಯೋಜನೆಯ ಮನೆಗಳು ಬಂದದ್ದು ಆಗಲೇ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನವರೆಗೂ ನೀರು ನುಗ್ಗಿದಾಗ ಅದೇ ಕಥೆ ಮತ್ತೆ ಆಯಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ರೂಪಾಯಿ ಕೊಟ್ಟಾಗ ಜನ ಕಟ್ಟಿಕೊಂಡದ್ದು ಸಿಮೆಂಟಿನ ಮನೆಯನ್ನೇ. ನಾನು ಗುಡ್ಡಕ್ಕೆ ಹೋದ ಮೊದಲ ದಿನ, ಕೆಳಗಿನ ಹಳ್ಳಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, “ನಮ್ ಮಂದಿ ಮಣ್ಣು ಬಿಟ್ಟು ಸಿಮೆಂಟಿಗೆ ಹೋದ್ರು, ಇವ್ರು ಸಿಮೆಂಟ್ ಬಿಟ್ಟು ಮಣ್ಣಿಗೆ ಬಂದ್ರು. ಯಾರ್ ಶಾಣ್ಯಾರು ಅನ್ನೋದು ಆ ಮಳಿಗೇ ಗೊತ್ತರಿ” ಎಂದು ನಕ್ಕರು. ಆದರೆ ಹಸ್ತದ ಆ ರಾತ್ರಿ ಬಿದ್ದದ್ದು ಮಣ್ಣಿನ ಗೋಡೆಯಲ್ಲ. ನಾಲ್ಕೂ ಮಾಳಿಗೆಗಳು ಹನಿ ಸೋರದೆ ನಿಂತಿದ್ದವು. ಬಿದ್ದದ್ದು ಆ ವಸತಿಯಲ್ಲೇ ಹೆಚ್ಚು ಸಿಮೆಂಟ್ ಬಳಸಿ ಕಟ್ಟಿದ ಗೋಡೆ.

ಆ ಗೋಡೆ ಇದ್ದದ್ದು ವಾದಕರ ಮನೆಯ ಅಂಗಳಕ್ಕೂ ಅದರ ಕೆಳಗಿನ ಮಜಲಿನಲ್ಲಿರುವ ನೇಕಾರರ ಮನೆಗೂ ನಡುವೆ. ಉದ್ದ ಸುಮಾರು 40 ಅಡಿ, ಎತ್ತರ 8 ಅಡಿ, ಬುಡದಲ್ಲಿ ದಪ್ಪ 3 ಅಡಿ, ತಲೆಯಲ್ಲಿ ಒಂದೂವರೆ ಅಡಿ. ಅಳತೆ ಕಳಪೆಯೇನಲ್ಲ. ಒಣ ಮಣ್ಣನ್ನು ತಡೆದು ನಿಲ್ಲಲು ಇಷ್ಟು ಸಾಕು: ಎಂಟು ಅಡಿ ಎತ್ತರದ ಒಣ ಮಣ್ಣು ಗೋಡೆಯ ಒಂದು ಮೀಟರ್ ಉದ್ದದ ಮೇಲೆ ಹಾಕುವ ಒತ್ತಡ ನನ್ನ ಲೆಕ್ಕದಲ್ಲಿ 1.8 ಟನ್ನಿನಷ್ಟಾಗುತ್ತದೆ, ಗೋಡೆಯ ಸ್ವಂತ ತೂಕವೇ ಅದನ್ನು ತಡೆಯುತ್ತದೆ. ಹಿಂದಿನ ಮಣ್ಣಿನಲ್ಲಿ ನೀರು ತಲೆಯವರೆಗೆ ತುಂಬಿ, ಹೊರಗೆ ಹೋಗಲು ದಾರಿಯಿಲ್ಲದಿದ್ದರೆ, ಅದೇ ಒತ್ತಡ 3.8 ಟನ್ನಿಗೆ ಏರುತ್ತದೆ. ಅಂದರೆ ಎರಡು ಪಟ್ಟಿಗೂ ಹೆಚ್ಚು. ಆ ಲೆಕ್ಕಕ್ಕೆ ಈ ಗೋಡೆ ನಿಲ್ಲುವುದಿಲ್ಲ. ಮುಂದಕ್ಕೆ ಬಾಗಿ, ಬುಡದ ಅಂಚಿನ ಮೇಲೆ ತಿರುಗಿ ಬೀಳುತ್ತದೆ. ಕಲ್ಲುಗಳು ಬಿದ್ದ ರೀತಿ ಹಾಗೆಯೇ ಇತ್ತು. ಮಧ್ಯದ 22 ಅಡಿ ಒಂದೇ ಹಲಗೆಯಂತೆ ಮಲಗಿತ್ತು, ಎರಡು ತುದಿಗಳು ಇನ್ನೂ ನಿಂತಿದ್ದವು.

ನೀರಿಗೆ ದಾರಿ ಇರಲಿಲ್ಲವೇ? ಇತ್ತು. ಗೋಡೆ ಕಟ್ಟಿದ ಗೌಂಡಿ ಆರಾರು ಅಡಿಗೆ ಒಂದರಂತೆ, ಬುಡದ ಹತ್ತಿರ ಒಂದು ಸಾಲು ಮತ್ತು ನಡುವೆ ಒಂದು ಸಾಲು, ಕೊಳವೆ ಇಟ್ಟು ತೂತು ಬಿಟ್ಟಿದ್ದರು. ಮರುವರ್ಷ ಚಿತ್ರಕಾರರು ಆ ಗೋಡೆಯ ಮುಖಕ್ಕೆ ಸುಣ್ಣದ ಗಾರೆ ಬಳಿದು, ಉದ್ದಕ್ಕೂ ಒಂದು ಚಿತ್ರ ಬರೆದರು. ಕುರಿಹಿಂಡು, ಡೊಳ್ಳು, ಗುಡ್ಡ, ಮೋಡ. ತೂತುಗಳಿಂದ ಒಸರುವ ಕೆಂಪು ನೀರು ಚಿತ್ರದ ಮೇಲೆ ಗೆರೆ ಎಳೆಯುತ್ತದೆಂದು ಅವರು ಗಾರೆ ಬಳಿಯುವಾಗಲೇ ತೂತುಗಳನ್ನು ಮುಚ್ಚಿಸಿದರು. ಉರುಳಿದ ಕಲ್ಲುಗಳ ನಡುವೆ ಮುರಿದ ಕೊಳವೆಗಳನ್ನು ನಾನು ಎತ್ತಿ ನೋಡಿದಾಗ, ಒಂದೊಂದರ ಬಾಯಿಗೂ ಗಾರೆಯ ಬಿರಡೆ ಹಾಗೆಯೇ ಕೂತಿತ್ತು. ಗೌಂಡಿಯನ್ನು ಕರೆಸಿ ಕೇಳಿದಾಗ ಅವರು ಹೆಚ್ಚು ಮಾತಾಡಲಿಲ್ಲ: “ತೂತು ನಾ ಬಿಟ್ಟಿದ್ನಿರಿ. ಮುಚ್ಚಿದಾಂವ ನಾ ಅಲ್ಲ.”

ತಪ್ಪನ್ನು ಚಿತ್ರಕಾರರ ತಲೆಗೆ ಕಟ್ಟಿ ಕಡತ ಮುಚ್ಚುವಂತಿದ್ದರೆ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತೂತು ಮುಚ್ಚಿದ ಮೇಲೆಯೂ ಆ ಗೋಡೆ ಒಂದು ಮಳೆಗಾಲ ಕಳೆದಿತ್ತು. ಈ ವರ್ಷ ಹೆಚ್ಚಾದದ್ದು ಎರಡು ಸಂಗತಿ. ಒಂದು, ವಾದಕರು ತಮ್ಮ ಅಂಗಳಕ್ಕೆ ಪೂರ್ತಿ ಫರಸಿ ಹಾಸಿಸಿದ್ದರು. ಅವರ ಮನೆಯದು ಮೇಲ್ಮುದ್ದೆಯಲ್ಲ, ಸ್ಲ್ಯಾಬು. ಸ್ಲ್ಯಾಬು ಮತ್ತು ಅಂಗಳ ಸೇರಿ 200 ಚದರ ಮೀಟರ್ ಜಾಗ ನೀರು ಹೀರುವುದನ್ನು ನಿಲ್ಲಿಸಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ರಾತ್ರಿಗೆ 60 ಮಿಲಿಮೀಟರ್ ಎಂದು ಹಿಡಿದರೂ 12,000 ಲೀಟರ್ ನೀರು ಆ ಫರಸಿಯ ಇಳುಕಲಿನಗುಂಟ ಗೋಡೆಯ ತಲೆಗೆ ಬಂದು ನಿಂತಂತಾಯಿತು. ಎರಡನೆಯದಾಗಿ, ಶಿಕ್ಷಕಿ ಗೋಡೆಯ ಹಿಂಬದಿಯ ಪಟ್ಟಿಯಲ್ಲಿ ಕಾಯಿಪಲ್ಲೆ ಬೆಳೆಯಲು ಕೆಳಗಿನ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಎರಿ (ಕಪ್ಪು) ಮಣ್ಣು ತರಿಸಿ ತುಂಬಿದ್ದರು. ಮಸಾರಿ ಮಣ್ಣಾದರೆ ನೀರನ್ನು ಕೆಳಗೆ ಬಿಟ್ಟುಕೊಡುತ್ತದೆ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಡುವುದು ಮಾತ್ರ ಬಲು ನಿಧಾನ. ಕೆಳಗೆ ಇಳಿಯೋಣವೆಂದರೆ ಅಲ್ಲಿಯೂ ಬಂಡೆ. ಮಳೆಗಾಲದಲ್ಲಿ ಬಾದಾಮಿಯ ಅಗಸ್ತ್ಯ ಹೊಂಡದ ಹತ್ತಿರ ಅಕ್ಕ-ತಂಗಿಯರ ದಬದಬೆ ಧುಮುಕುವುದನ್ನು ಕಂಡವರಿಗೆ ಈ ಮರಳುಗಲ್ಲು ಸುರಿದ ಮಳೆಯನ್ನು ಎಷ್ಟು ಬೇಗ ಕೆಳಗೆ ದೂಡುತ್ತದೆಂದು ವಿವರಿಸಬೇಕಾಗಿಲ್ಲ.

ಇಷ್ಟನ್ನೂ ನಾನು ಅವರ ಸಾಮೂಹಿಕ ಅಡುಗೆಮನೆಯಲ್ಲಿ ಏಳು ಮನೆಯವರ ಮುಂದೆ ಇಟ್ಟೆ. ಅಲ್ಲಿಂದ ಪ್ರಕರಣ ನನ್ನ ವಿದ್ಯೆಯ ಎಲ್ಲೆಯನ್ನು ದಾಟಿತು.

ವಾದಕರು ಹೇಳಿದರು: ಫರಸಿ ಹಾಸಿದ್ದು ನನ್ನ ಅಂಗಳಕ್ಕೆ ನಿಜ, ಆದರೆ ಪ್ರತಿ ಹುಣ್ಣಿಮೆಗೆ ತತ್ವಪದ ಹಾಡಲು ಎಲ್ಲರೂ ಕೂಡುವುದು ಅಲ್ಲಿಯೇ, ಕೆಸರಿನಲ್ಲಿ ಕೂಡಲಾಗದೆಂದು ಹಾಸಿಸಿರಿ ಎಂದವರು ನೀವೇ. ಶಿಕ್ಷಕಿಯ ಕಾಯಿಪಲ್ಲೆ ಹೋಗುತ್ತಿದ್ದದ್ದು ಇದೇ ಸಾಮೂಹಿಕ ಅಡುಗೆಮನೆಗೆ. ಚಿತ್ರ ಬರೆಯಲು ಸುಣ್ಣಬಣ್ಣದ ಖರ್ಚನ್ನು ಎಲ್ಲರೂ ಹಾಕಿದ್ದರು, ಬಂದವರಿಗೆಲ್ಲ ಆ ಗೋಡೆಯನ್ನೇ ಮೊದಲು ತೋರಿಸುತ್ತಿದ್ದರು. ಹೀಗೆ ಒಂದೊಂದು ಕಾರಣವನ್ನು ಹಿಡಿದು ಎಳೆದರೂ ಅದರ ತುದಿ ಎಲ್ಲರ ಮನೆಗೂ ಹೋಗಿ ಮುಟ್ಟುತ್ತಿತ್ತು. ಕರಾರಿನ ಪ್ರಕಾರ ಮನೆಗೆ ಮನೆಯವರು ಹೊಣೆ. ಗೋಡೆ ಯಾರ ಮನೆಯೂ ಅಲ್ಲ. ಎರಡು ಮನೆಗಳ ನಡುವಿನ ಹಾದಿ, ನೀರು ಇಳಿಯುವ ಓಳಿ, ಮಜಲುಗಳನ್ನು ಹಿಡಿದು ನಿಲ್ಲಿಸುವ ಕಲ್ಲುಕಟ್ಟು, ಇವು ಯಾವುದೂ ಕಾಗದದಲ್ಲಿ ಇರಲಿಲ್ಲ. ಏಳು ಮನೆಗಳನ್ನು ಏಳು ಮಂದಿ ಕಟ್ಟಿದ್ದರು. ಇಳಿಜಾರನ್ನು ಯಾರೂ ಕಟ್ಟಿರಲಿಲ್ಲ, ಹೆಚ್ಚಾಗಿ ಅಗೆದು ಸಮ ಮಾಡಿದ್ದರು.

ಕಾನೂನನ್ನು ಕೇಳೋಣವೆಂದು ಬಾದಾಮಿಯ ವಕೀಲರೊಬ್ಬರ ಬಳಿ ಹೋದದ್ದೂ ಆಯಿತು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ, ಮೇಲಿನ ನೆಲದ ಮೇಲೆ ಸಹಜವಾಗಿ ಬಿದ್ದು ಹರಿಯುವ ನೀರನ್ನು ಕೆಳಗಿನ ನೆಲದವನು ಬರಗೊಡಬೇಕು. ಫರಸಿ ಹಾಸಿ, ಒಂದೇ ಕಡೆಗೆ ತಿರುಗಿಸಿ ಬಿಟ್ಟ ನೀರನ್ನು ಸಹಜ ಹರಿವು ಎನ್ನುವುದು ಕಷ್ಟ. ಆದರೆ ಈ ಮಾತೆಲ್ಲ ಅನ್ವಯಿಸುವುದು ಮೇಲೊಬ್ಬ ಮಾಲೀಕ, ಕೆಳಗೊಬ್ಬ ಮಾಲೀಕ ಇದ್ದಾಗ. ಇಲ್ಲಿ ಮೇಲೂ ಕೆಳಗೂ ಒಂದೇ ಉತಾರ, ಅದರಲ್ಲಿ ಮೂರು ಹೆಸರು, ಅವುಗಳಲ್ಲಿ ನೇಕಾರರದು ಇಲ್ಲ. ನಷ್ಟವಾದವರು ಕಾಗದದ ಲೆಕ್ಕದಲ್ಲಿ ಆ ನೆಲದ ಮೇಲೆ ಇರಲೇ ಇಲ್ಲ. ಮಳೆಹಾನಿಯ ಪಟ್ಟಿಗೆ ಸೇರಿಸಲು ಮನೆಗೆ ಪಂಚಾಯತಿಯ ನಂಬರು ಬೇಕಿತ್ತು. ಅದೂ ಇರಲಿಲ್ಲ, ಏಕೆಂದರೆ ಆ ಜಮೀನು ಇನ್ನೂ ಬಿನ್‌ಶೇತ್ಕಿ (ಕೃಷಿಯೇತರ) ಆಗಿರಲಿಲ್ಲ. ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಬೇಸಾಯಗಾರನ ತೋಟದ ಮನೆಗೆ ಸಿಗುವ ಸವಲತ್ತನ್ನು ಏಳು ಸಂಸಾರಗಳ ವಸತಿಗೆ ಹಿಗ್ಗಿಸಲು ಬರುವುದಿಲ್ಲ.

ಅದೇ ಸಭೆಯಲ್ಲಿ ಬಂಡೆ ಹತ್ತುವ ಗೆಳೆಯರಲ್ಲಿ ಒಬ್ಬರು ಕ್ಯಾಲಿಫೋರ್ನಿಯಾದ ಡ್ರೂಯಿಡ್ ಹೈಟ್ಸ್ ಹೆಸರೆತ್ತಿದರು. ಅವರೆಲ್ಲರಿಗೂ ಅದು ಒಂದು ಕನಸಿನ ಊರು. 1954ರಲ್ಲಿ ಕವಯಿತ್ರಿ ಎಲ್ಸಾ ಗಿಡ್ಲೋ ಮತ್ತು ಬಡಗಿ ರೋಜರ್ ಸೋಮರ್ಸ್ ಮುಂತಾದವರು ಟ್ಯಾಮಲ್ಪೈಸ್ ಗುಡ್ಡದ ಇಳಿಜಾರಿನಲ್ಲಿ ನೆಲೆನಿಂತು, ಸಿಕ್ಕ ಕಟ್ಟಿಗೆಯಿಂದ, ಯಾವ ನಕಾಶೆಗೂ ಕಟ್ಟುಬೀಳದ ಮನೆಗಳನ್ನು ಕಟ್ಟಿಕೊಂಡರು. ಪೂರ್ವದೇಶಗಳ ತತ್ತ್ವಚಿಂತನೆಯನ್ನು ಅಮೆರಿಕದ ಜನರಿಗೆ ಪರಿಚಯಿಸಿದ ಆಲನ್ ವಾಟ್ಸ್ ಕೊನೆಯ ದಿನಗಳನ್ನು ಕಳೆದು 1973ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಗೆಳೆಯರು ಅಷ್ಟು ಹೇಳಿ ನಿಲ್ಲಿಸಿದರು. ಕಥೆ ಅಲ್ಲಿಗೆ ನಿಲ್ಲುವುದಿಲ್ಲವೆಂದು ನಾನು ಹೇಳಬೇಕಾಯಿತು. 1970ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಆ ಜಾಗವನ್ನು ವಶಕ್ಕೆ ತೆಗೆದುಕೊಂಡಿತು, ಇದ್ದವರು ಕರಾರಿನ ಮೇಲೆ ಉಳಿದುಕೊಂಡರು, ಅವರು ಒಬ್ಬೊಬ್ಬರಾಗಿ ಹೋದಂತೆ ಖಾಲಿಯಾದ ಕಟ್ಟಿಗೆಯ ಮನೆಗಳು ತೇವಕ್ಕೆ ಕೊಳೆಯತೊಡಗಿದವು. ಕಟ್ಟಿದ ಕೈ ದೂರವಾದೊಡನೆ ಆ ಮನೆಗಳನ್ನು ಹಿಡಿದಿಡುವವರು ಇಲ್ಲವಾದರು.

ನಾನು ಅವರಿಗೆ ಹೇಳಿದ್ದು ಇನ್ನೊಂದು ಜಾಗದ ಮಾತು, ಅದೂ ಕನಸಿನದಲ್ಲ. ಲಂಡನ್ನಿನ ಲೂಯಿಶ್ಯಾಮ್ ಭಾಗದಲ್ಲಿ, ಮಾಮೂಲಿ ಕಟ್ಟಡಕ್ಕೆ ಒಗ್ಗದ ಕಡಿದಾದ ಜಾಗಗಳನ್ನು ಅಲ್ಲಿಯ ಸ್ಥಳೀಯ ಆಡಳಿತ ಸಾಮಾನ್ಯ ಜನರಿಗೆ ಸ್ವತಃ ಮನೆ ಕಟ್ಟಿಕೊಳ್ಳಲು ಕೊಟ್ಟಿತು. ವಾಸ್ತುಶಿಲ್ಪಿ ವಾಲ್ಟರ್ ಸೀಗಲ್ ರೂಪಿಸಿದ ಕ್ರಮದಲ್ಲಿ ಮನೆ ಕಟ್ಟಿಗೆಯ ಕಂಬಗಳ ಮೇಲೆ ನಿಲ್ಲುತ್ತದೆ, ಪ್ರತಿ ಕಂಬಕ್ಕೂ ಬೇರೆಬೇರೆಯ ಸಣ್ಣ ಬುನಾದಿ. ನೆಲವನ್ನು ಸಮ ಮಾಡುವ ಪ್ರಸಂಗವೇ ಬರುವುದಿಲ್ಲ, ಇಳಿಜಾರು ಇದ್ದ ಹಾಗೆಯೇ ಉಳಿದು ನೀರು ಮನೆಯ ಅಡಿಯಿಂದ ಹಾದುಹೋಗುತ್ತದೆ. ಗೆದ್ದಲು ಮತ್ತು ಕಟ್ಟಿಗೆಯ ದರ, ಎರಡೂ ಇರುವ ನಮ್ಮ ಸೀಮೆಗೆ ಅದನ್ನು ಎತ್ತಿ ತರಲಾಗದು. ಆದರೂ ಮನೆಗಿಂತ ಮುಂಚೆ ನೀರಿನ ದಾರಿಯನ್ನು ಗುರುತಿಸುವ ಕ್ರಮವನ್ನು ತರಲು ಕಟ್ಟಿಗೆ ಬೇಕಿಲ್ಲ.

ಹಣದ ಮಾತು ಮೂರು ಸಭೆ ತೆಗೆದುಕೊಂಡಿತು. ಏಳು ಪಾಲು ಸಮ ಮಾಡೋಣವೆಂದು ಕೆಲವರು, ತಪ್ಪಿಗೆ ತಕ್ಕ ಪಾಲೆಂದು ಕೆಲವರು. ಅವರಲ್ಲಿ ಮುಖಂಡರಿಲ್ಲ, ಎಲ್ಲರೂ ಒಪ್ಪುವವರೆಗೆ ನಿರ್ಣಯವಿಲ್ಲ ಎಂಬ ಪದ್ಧತಿ ಇದೆ. ಹುಣ್ಣಿಮೆಯ ಹಾಡಿಗೆ ಅದು ಚೆಂದ, ಉರುಳಿದ ಗೋಡೆಯ ಮುಂದೆ ಅದು ಹಿಂಸೆ ಎಂಬುದು ನನ್ನ ಅನಿಸಿಕೆ. ಕೊನೆಗೆ ನಾನು ಸೂಚಿಸಿದ ಒಂದು ಅಳತೆಯನ್ನು ಅರ್ಧ ಮನಸ್ಸಿನಿಂದ ಒಪ್ಪಿಕೊಂಡರು: ಯಾವ ಮನೆಯವರು ಎಷ್ಟು ಚದರ ಮೀಟರ್ ನೆಲವನ್ನು ನೀರು ಹೀರದಂತೆ ಮಾಡಿದ್ದಾರೋ ಅಷ್ಟು ಪಾಲು. ಟೇಪು ಹಿಡಿದು ಅಳೆದಾಗ ಗೋಡೆಯ ಮೇಲ್ಭಾಗದ ಅಂಥ ಜಾಗದಲ್ಲಿ ಅರ್ಧಕ್ಕೂ ಹೆಚ್ಚು ವಾದಕರದಾಗಿತ್ತು. ಅವರು ಸಿಟ್ಟಾಗಿ ಎದ್ದುಹೋದರು. ಮರುದಿನ ಬೆಳಿಗ್ಗೆ ನೇಕಾರರ ಕುಣಿಯಿಂದ ಕೆಸರು ಎತ್ತುವವರ ಸಾಲಿನಲ್ಲಿ ಬಂದು ನಿಂತಿದ್ದರು. ಪಾಲಿನ ಮಾತನ್ನು ಮಾತ್ರ ತೆಗೆಯಲಿಲ್ಲ. ನೇಕಾರ ಮಹಿಳೆ ಈ ಮೂರೂ ಸಭೆಗಳಲ್ಲಿ ಬಾಯಿಬಿಟ್ಟದ್ದು ಒಂದೇ ಸಲ: “ಪಾಲು ಆಮ್ಯಾಲ ಹಚ್ಚೂಣ್ರಿ, ಮೊದ್ಲ ಮಗ್ಗ ಮ್ಯಾಲಕ್ಕೆತ್ತೂಣು.”

ಹೊಸ ಕಟ್ಟು ಹಳೆಯದರಂತಿಲ್ಲ. ಎಂಟು ಅಡಿಯ ಒಂದು ಗೋಡೆಯ ಬದಲು ನಾಲ್ಕು ನಾಲ್ಕು ಅಡಿಯ ಎರಡು ಮೆಟ್ಟಿಲುಗಳನ್ನು, ನಡುವೆ ಆರು ಅಡಿ ಜಾಗ ಬಿಟ್ಟು, ಸಿಮೆಂಟ್ ಮುಟ್ಟಿಸದೆ ಒಣಗಲ್ಲಿನಲ್ಲಿ ಕಟ್ಟಿದ್ದಾರೆ. ಒಣಗಲ್ಲಿನ ಕಟ್ಟಿಗೆ ಬೇರೆ ತೂತು ಬೇಕಿಲ್ಲ, ಸಂದುಸಂದಿನಲ್ಲೂ ನೀರು ಬರುತ್ತದೆ. ಹಿಂಬದಿಗೆ ಎರಿ ಮಣ್ಣನ್ನು ತೆಗೆದು ಒಂದೂವರೆ ಅಡಿ ಅಗಲ ಖಡಿ ತುಂಬಿದ್ದಾರೆ. ಮೇಲಿನ ಅಂಗಳದ ಅಂಚಿಗೆ ಒಂದು ಕಾಲುವೆ ತೋಡಿ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸುವ ಮುಂಚೆ ಒಂದು ತೊಟ್ಟಿಗೆ ಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಟ್ಯಾಂಕರಿನ ನೀರಿಗೆ ದುಡ್ಡು ಕೊಡುವ ಜನ ಅಷ್ಟು ನೀರನ್ನು ಗೋಡೆ ಬೀಳಿಸಲು ಬಿಟ್ಟಿದ್ದರಲ್ಲ ಎಂದು ಗೌಂಡಿ ಆಡಿಕೊಂಡದ್ದನ್ನು ಯಾರೂ ತಪ್ಪು ತಿಳಿಯಲಿಲ್ಲ. ಕಾಲುವೆಗೆ ದಾರಿ ಹುಡುಕುವಾಗ, ಕುರಿಗಾರರು ಹಿಂಡು ಹೊಡೆದುಕೊಂಡು ಗುಡ್ಡ ಹತ್ತುತ್ತಿದ್ದ ಹಳೆಯ ಹಾದಿಯೇ ನೀರಿನ ಓಳಿಯೂ ಆಗಿತ್ತೆಂದು ಗೊತ್ತಾಯಿತು. ಅಂಗಳ ಸಮ ಮಾಡುವಾಗ ಅದನ್ನು ಮುಚ್ಚಿದ್ದರು. ಈಗ ಅದರ ಅರ್ಧ ತೆರೆದಿದೆ, ಕುರಿಗಾರರು ಮತ್ತೆ ಅಲ್ಲಿಂದಲೇ ಹಾಯುತ್ತಾರೆ.

ಚಿತ್ರಕಾರರು ಒಣಗಲ್ಲಿನ ಮೇಲೆ ಗಾರೆ ನಿಲ್ಲುವುದಿಲ್ಲವೆಂದು ಬಲ್ಲರು, ಆ ಮಾತು ಎತ್ತಲೂ ಇಲ್ಲ. ಮಡಕೆ ಮಾಡುವ ಜೋಡಿ ಸಂಕ್ರಮಣಕ್ಕೆ ಮುಂಚೆ ಮನೆಗೆ ಕೀಲಿ ಹಾಕಿ ಹೋಗಿದ್ದಾರೆ. ಗೋಡೆಗೂ ಅವರ ಹೋಗುವಿಕೆಗೂ ಸಂಬಂಧವಿದೆಯೆಂದು ಕೆಲವರು ಹೇಳುತ್ತಾರೆ, ನನಗೆ ಹಾಗೆನ್ನಿಸಲಿಲ್ಲ. ಕರಾರಿಗೆ ಒಂದು ಹಾಳೆ ಸೇರಿದೆ. ಅದರಲ್ಲಿ ಇಡೀ ಇಳಿಜಾರಿನ ಕೈನಕಾಶೆ, ಪ್ರತಿ ಮನೆಯ ನೀರು ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಗೆರೆ, ಆ ಗೆರೆಗೆ ಅಡ್ಡವಾಗಿ ಏನನ್ನೂ ಕಟ್ಟಬಾರದೆಂಬ ಮಾತು ಇವೆ. ಆರು ಮನೆಯವರ ಸಹಿಗಳಿವೆ. ಉತಾರದಲ್ಲಿ ನೇಕಾರರ ಹೆಸರು ಸೇರಿಸುವ ಕೆಲಸ ಇನ್ನೂ ಅರ್ಜಿಯ ಹಂತ ದಾಟಿಲ್ಲ.

ಯುಗಾದಿ ಕಳೆದ ಮೇಲೆ ನಾನು ಕೊನೆಯ ಸಲ ಹೋದಾಗ ನೇಕಾರರ ಮಗ್ಗಕ್ಕೆ ಹೊಸ ಹಾಸು ಏರಿತ್ತು. ಮೇಲಿನ ಅಂಗಳದಲ್ಲಿ ಫರಸಿಯನ್ನು ಅರ್ಧದಷ್ಟು ಕಿತ್ತು ಗೋಡೆಗೆ ಒರಗಿಸಿಟ್ಟಿದ್ದರು. ಉಳಿದರ್ಧವನ್ನು ಮಿರ್ಗಕ್ಕೆ ಮುಂಚೆ ಕೀಳುವುದಾಗಿ ವಾದಕರು ಹೇಳಿದರು. ಪಾಲಿನ ಹಣದಲ್ಲಿ ಅವರು ಕೊಟ್ಟದ್ದೂ ಅರ್ಧವೇ.